ಸಿಮೆಂಟ್ ಪಾಟಿಯ ಹಿಂಬದಿ

ಅಥವಾ ಅದು ಮಸಾಲೆ ಕುಟ್ಟುವ ಸದ್ದೇ ಇದ್ದಿರಬಹುದು. ಗೋಡೆಯ ಆಚೆಗೆ ಇನ್ನೊಂದು ಮನೆ, ಅಡುಗೆಯ ಹೊತ್ತು, ಕಲ್ಲಿನ ಒರಳು. ಎಲ್ಲ ಹೊಂದುತ್ತದೆ. ಹೊಂದುತ್ತದೆ ಎಂಬುದರಿಂದಲೇ ನನಗೆ ಅನುಮಾನ. ನನ್ನ ನೆನಪಿನಲ್ಲಿ ಯಾವುದು ಸಂದಿಲ್ಲದೆ ಕೂತಿದೆಯೋ ಅದನ್ನು ನಾನೇ ಆಮೇಲೆ ತಿಕ್ಕಿ ನಯ ಮಾಡಿ ಕೂರಿಸಿರುತ್ತೇನೆ. ಹೊಟ್ಟೆಪಾಡೇ ಅದಾಗಿತ್ತಲ್ಲ: ಒರಟು ಗೋಡೆಯ ಮೇಲೆ ನಯವಾದ ಸಿಮೆಂಟ್ ಹಲಗೆ ನಿಲ್ಲಿಸಿ, ಹಿಂದೆ ಏನಿತ್ತೆಂದು ಯಾರಿಗೂ ಕಾಣದಂತೆ ಮಾಡುವುದು.

ಕೆಲಸ ಬಿಟ್ಟ ಮೇಲೆ ಬೀದರಿನ ಪಕ್ಕದ ಚಿದ್ರಿಯಲ್ಲಿ ಇದ್ದೇನೆ. ಸುತ್ತಲ ಹೊಸ ಮನೆಗಳ ಒಳಗೋಡೆಗಳಿಗೆ ಈಗ ಮತ್ತೆ ಸಿಮೆಂಟ್ ಹಲಗೆ ಹಚ್ಚಿಸುವ ಹುಚ್ಚು ಬಂದಿದೆ. ಆ ಕೆಲಸ ಮಾಡುವ ತರುಣರು ಸಂಜೆ ನನ್ನ ಕಟ್ಟೆಗೆ ಬಂದು ಕೂರುತ್ತಾರೆ. “ಕಾಕಾ, ನಿಮ್ಮ ಕಾಲದಾಗ ಹ್ಯಾಂಗ ಮಾಡ್ತಿದ್ರಿ, ಒಂದೀಟು ಬರದಿಡ್ರಿ” ಅಂದರು. ಅವರಿಗೆ ಬೇಕಾದದ್ದು ಮರಳಿಗೆ ಸಿಮೆಂಟ್ ಎಷ್ಟು, ಕೊಕ್ಕೆ ಎಷ್ಟು ಆಳ, ಇಂಥವು. ಬರೆಯಲು ಕೂತರೆ ನನ್ನೆದುರು ಬರುವುದು ಹಳೆ ಶಹರದ ಒಂದೇ ಗೋಡೆ. ಉಳಿದದ್ದನ್ನು ಅದರ ಸುತ್ತ ಹೇಳುತ್ತೇನೆ.

ನಮ್ಮ ಜಿಲ್ಲೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಬೀದರಿನ ಕಚೇರಿಗಳಲ್ಲಿ ಉರ್ದು ಹಿಂದೆ ಸರಿದು ಕನ್ನಡ ಬರುತ್ತಿತ್ತು. ಕನ್ನಡದ ಜೊತೆಗೆ ಮೈಸೂರು ಕಡೆಯ ಅಧಿಕಾರಿಗಳೂ ಬಂದರು. ಅವರಿಗೆ ಬಾಡಿಗೆಗೆ ಸಿಗುತ್ತಿದ್ದದ್ದು ಹಳೆ ಶಹರದ ಮನೆಗಳು: ಕೆಂಪು ಜಾಂಬಿಟ್ಟಿಗೆ, ಮಣ್ಣು, ಮೇಲೆ ಸುಣ್ಣ. ಗೋಡೆಯ ದಪ್ಪದಲ್ಲಿ ಒಬ್ಬ ಮನುಷ್ಯ ಮಲಗಬಹುದಿತ್ತು. ಒರಗಿದರೆ ಅಂಗಿ ಬೆಳ್ಳಗಾಗುತ್ತಿತ್ತು. ಅವರಿಗೆ ಅದು ಸೇರುತ್ತಿರಲಿಲ್ಲ.

ಇದನ್ನು ಮೊದಲು ಕಂಡುಕೊಂಡವರು ನನ್ನ ಮಾಲಕರು ಬಾಬುರಾವ್. “ನಾವೆಲ್ಲಾ ಮೈಸೂರದವ್ರಾದೆವಪಾ, ಗ್ವಾಡಿ ಮಾತ್ರ ಇನ್ನಾ ನಿಜಾಮನ್ದೇ ಉಳದಾವ” ಎಂದು ನಗುತ್ತಿದ್ದರು. ಶಹರದ ಹೊರಗೆ ಒಂದು ಬಯಲಲ್ಲಿ ಅವರ ಕಾರ್ಖಾನೆ. ಕಾರ್ಖಾನೆ ಅಂದರೆ ತಗಡಿನ ಚಪ್ಪರ, ನೀರಿನ ತೊಟ್ಟಿ, ಸಾಲಾಗಿ ಮರದ ಚೌಕಟ್ಟುಗಳು. ನಯ ಮಾಡಿದ ಶಹಾಬಾದ್ ಕಲ್ಲಿನ ಮೇಲೆ ಕುಸುಬೆ ಎಣ್ಣೆ ಸವರಿ, ಚೌಕಟ್ಟಿಟ್ಟು, ತಂತಿಜಾಳಿಗೆ ಹಾಸಿ, ಸಿಮೆಂಟ್ ಸುರಿಯುತ್ತಿದ್ದೆವು. ಕಲ್ಲಿಗೆ ತಾಗಿದ ಮುಖ ಕನ್ನಡಿಯಂತೆ ನಯವಾಗಿ ಬರುತ್ತಿತ್ತು. ಬೆನ್ನು ಒರಟಾಗಿಯೇ ಉಳಿಯುತ್ತಿತ್ತು. ಹಸಿ ಇದ್ದಾಗ ಆ ಬೆನ್ನಿನ ಮೇಲೆ ಮೊಳೆಯಿಂದ ಮಾಡಿದವನ ಗುರುತು ಗೀರಬೇಕು. ಒಡೆದರೆ ಯಾರನ್ನು ಬಯ್ಯಬೇಕೆಂದು ಗೊತ್ತಾಗಲಿಕ್ಕೆ. ನನ್ನ ಹೆಸರು ಮಾಣಿಕಪ್ಪ, ನಾನು ‘ಮಾ’ ಎಂದು ಗೀರುತ್ತಿದ್ದೆ. ಜನ ಈ ಹಲಗೆಗಳನ್ನು ಪಾಟಿ ಎಂದರು, ಸಾಲಿ ಮಕ್ಕಳು ಬರೆಯುವ ಪಾಟಿಯ ಬಣ್ಣ ಇತ್ತಲ್ಲ, ಅದಕ್ಕೆ.

ನನ್ನ ಜೋಡಿ ಕೆಲಸಗಾರ ಚಾಂದಪಾಶಾ. ಎತ್ತುವಾಗ ಒಂದು ತುದಿ ಅವನದು, ಒಂದು ನನ್ನದು. ಬಾಯಿ ಮಾತ್ರ ಎರಡೂ ಕಡೆಯದು ಅವನದೇ. “ಅರೆ ಮಾಣಿಕ್, ನಿಧಾನ. ನಿನ್ನ ಹೆಂಡತಿ ಹಂಗ ಹಿಡಿಬ್ಯಾಡ, ಅತ್ತಿ ಹಂಗ ಹಿಡಿ” ಅನ್ನುತ್ತಿದ್ದ. ಆಗ ನನಗೆ ಮದುವೆಯೇ ಆಗಿರಲಿಲ್ಲ.

ಈ ಕೆಲಸದಲ್ಲಿ ನಾವು ಮಾಡಿದ್ದರಲ್ಲಿ ಅರ್ಧಕ್ಕೆ ನಾಚಿಕೆಯಾಗುತ್ತದೆ. ಔರಾದದ ಒಬ್ಬ ಕಾಳಿನ ವ್ಯಾಪಾರಿ ತನ್ನ ಮನೆಯ ಪಡಸಾಲೆಗೂ ಅದರ ಹಿಂದಿನ ಉಗ್ರಾಣಕ್ಕೂ ಪಾಟಿ ಬೇಕೆಂದ. ಔರಾದಕ್ಕೆ ರೈಲಿಲ್ಲ. ಬಸ್ಸಿನ ಮೇಲೆ ಹುಲ್ಲು ಹಾಸಿ ಪಾಟಿ ಹೊತ್ತು ಹೋದೆವು. ನೀರುಣ್ಣಲು ಇನ್ನೂ ಕೆಲ ದಿನ ಬೇಕಿದ್ದ ಹಸಿ ಪಾಟಿಗಳು, ಬಾಬುರಾವ್ ಅವಸರ ಮಾಡಿ ಕಳಿಸಿದ್ದರು. ದಾರಿಯಲ್ಲೇ ಕೆಲವು ಬಿರಿದವು. ಬಿರುಕಿಗೆ ಸಿಮೆಂಟ್ ಹಾಲು ತುಂಬಿ, ಕೈಯಿಂದ ತಿಕ್ಕಿ, ಕೂರಿಸಿ ಬಂದೆವು. ಅದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಬೇರೆ. ಮೊದಲು ಆ ಮಣ್ಣಿನ ಗೋಡೆ ಮಳೆಗಾಲದ ಹಸಿಯನ್ನು ಕುಡಿದು ಬಿಸಿಲಿಗೆ ಬಿಡುತ್ತಿತ್ತು. ನಾವು ಅದರ ಬಾಯಿ ಮುಚ್ಚಿದ್ದೆವು. ಮಳೆ ಹಿಡಿದ ಮೇಲೆ ಪಾಟಿ ಬೆವರಿ, ಒರಗಿಸಿದ್ದ ತೊಗರಿ ಚೀಲಗಳೆಲ್ಲ ಬೂಷ್ಟು ಹಿಡಿದವು. ವ್ಯಾಪಾರಿ ಬೀದರಿಗೆ ಬಂದು ಬಾಬುರಾವರ ಮೇಜಿನ ಮೇಲೆ ಒಂದು ಹಿಡಿ ಕರಿ ತೊಗರಿ ಸುರಿದ.

“ಏನ್ ಮಾಲಕ್ರ, ನಿಮ್ಮ ಗ್ವಾಡಿಗೆ ಜ್ವರ ಬಂದಾವ. ಕಾಳಿಗೆ ಕಷಾಯ ಕುಡಸ್ಲೋ, ಗ್ವಾಡಿಗೆ ಕುಡಸ್ಲೋ?”

“ನಮ್ಮ ಪಾಟಿಯಾಗ ಏನೂ ತಪ್ಪಿಲ್ರಿ ಸಾವಕಾರ್ರ” ಎಂದರು ಬಾಬುರಾವ್. ಆತ ಹೋದ ಮೇಲೆ ನಮಗೆ ಪಾಠ ಹೇಳಿದರು: “ಗಿರಾಕಿ ಏನ್ ಕೇಳಿದ್ರೂ ಮೊದಲ ಇಲ್ಲ ಅನ್ರಿ. ಇಲ್ಲ ಅಂದದ್ದು ಆಮ್ಯಾಲ ಹೌದು ಮಾಡಬಹುದು. ಹೌದು ಅಂದದ್ದು ಇಲ್ಲ ಮಾಡಾಕ ಬರಂಗಿಲ್ಲ.” ನಾವು ನಕ್ಕೆವು. ಆ ಪಾಠ ನನ್ನ ನಾಲಿಗೆಯಲ್ಲಿ ಎಷ್ಟು ಬೇಗ ಕೂತಿತೆಂದು ಈಗ ಹೇಳಬೇಕು.

ಹಳೆ ಶಹರದಲ್ಲಿ ಗುಂಡಪ್ಪ ಎಂಬ ಕಚೇರಿ ಗುಮಾಸ್ತರ ಮನೆ. ಉರ್ದುವಿನಲ್ಲಿ ನೌಕರಿ ಮಾಡಿದವರು. ಈಗ ಕನ್ನಡದಲ್ಲಿ ಟಿಪ್ಪಣಿ ಬರೆಯಬೇಕಿತ್ತು. ಅವರ ಕಚೇರಿಗೇ ಮೈಸೂರಿನಿಂದ ಹೊಸ ಸಾಹೇಬರು ಬಂದಿದ್ದರು, ಮನೆ ಹುಡುಕುತ್ತಿದ್ದರು. ಗುಂಡಪ್ಪ ತಮ್ಮ ನಡುಮನೆಯನ್ನೇ ಅವರಿಗೆ ಬಾಡಿಗೆಗೆ ಕೊಡುವುದೆಂದು ನಿಶ್ಚಯಿಸಿ ಪಾಟಿ ಹಚ್ಚಲು ನಮ್ಮನ್ನು ಕರೆದರು. ಹೆಂಡತಿ ಕಮಲಾಬಾಯಿ ಬಾಣಂತನಕ್ಕೆ ಭಾಲ್ಕಿಯ ತವರಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಸಾಹೇಬರು ಬಂದು ಕೂತಿರಬೇಕು ಎಂಬುದು ಲೆಕ್ಕ.

ಪಾಟಿ ಕೂರಿಸುವ ಮೊದಲು ಗೋಡೆಯನ್ನು ಗೆಣ್ಣಿನಿಂದ ಬಡಿದು ನೋಡಬೇಕು. ಇದು ಈಗಿನವರಿಗೂ ಹೇಳುತ್ತೇನೆ. ಗಟ್ಟಿ ಇದ್ದಲ್ಲಿ ಸದ್ದು ಕೈಯಲ್ಲೇ ಸಾಯುತ್ತದೆ, ಪೊಳ್ಳು ಇದ್ದಲ್ಲಿ ವಾಪಸು ಬರುತ್ತದೆ. ನಾನು ಬಡಿಯುತ್ತ ಹೋದೆ. ಪಕ್ಕದ ಮನೆಗೆ ಹೊಂದಿದ ಗೋಡೆಯಲ್ಲಿ ಒಂದು ಮಾಡ ಇತ್ತು. ಗೋಡೆಯೊಳಗಿನ ಗೂಡಿಗೆ ನಮ್ಮಲ್ಲಿ ಮಾಡ ಎನ್ನುತ್ತೇವೆ. ಹಳೆ ಮನೆಗಳಲ್ಲಿ ಎಲ್ಲೆಲ್ಲೂ ಇರುತ್ತವೆ, ದೀಪಕ್ಕೆ, ದೇವರಿಗೆ, ಡಬ್ಬಿಗಳಿಗೆ. ಇದಕ್ಕೆ ಹಿಂದೆ ಮರದ ಹಲಗೆ ಇತ್ತು. ಮುಂದೆ ಒಂದು ಸಣ್ಣ ಪರದೆ, ಅರಿಶಿನ ಕುಂಕುಮದ ಬಟ್ಟಲು. ಗುಂಡಪ್ಪ ಬಟ್ಟಲನ್ನು ತೆಗೆದು ಒಳಗಿಟ್ಟರು, ಪರದೆ ಮಡಚಿದರು. ಮಾಡವನ್ನು ಇಟ್ಟಿಗೆ ಚೂರಿನಿಂದ ತುಂಬಿ ಆಮೇಲೆ ಪಾಟಿ ಕೂರಿಸುವುದು ಕ್ರಮ. ಸಾಹೇಬರು ಬರುವ ಅವಸರವಿತ್ತು. ತುಂಬಲಿಲ್ಲ. ಪಾಟಿ ಅದರ ಮೇಲೆ ಹಾಯ್ದು ನಾಲ್ಕು ಮೂಲೆಯ ಕೊಕ್ಕೆಗಳ ಮೇಲೆ ನಿಂತಿತು.

ಆ ಹೊತ್ತಿಗೆ ಆಚೆಯಿಂದ ಸದ್ದು. ಟಕ್ ಟಕ್. ಸ್ವಲ್ಪ ತಡೆದು ಮತ್ತೆ ಟಕ್ ಟಕ್.

ಹೀಗೆ ಬರೆದಾಗ ಎಷ್ಟು ಸ್ಪಷ್ಟವಾಗಿದೆ. ಆದರೆ ಇದೇ ಸದ್ದನ್ನು ನಾನು ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ರೀತಿ ಕೇಳಿದ್ದೇನೆ. ಒಮ್ಮೆ ಅದು ಕೊನೆಯ ಕೊಕ್ಕೆ ಬಿಗಿಯುವ ಮೊದಲು ಬರುತ್ತದೆ, ಒಮ್ಮೆ ಆದ ಮೇಲೆ. ಒಮ್ಮೆ ನನ್ನ ಗೆಣ್ಣಿಗೆ ಉತ್ತರದಂತೆ. ಒಮ್ಮೆ ಬರುವುದೇ ಇಲ್ಲ.

ಚಾಂದಪಾಶಾನ ಮಾತು ಮಾತ್ರ ಬದಲಾಗದೆ ನಿಂತಿದೆ. ನಾನು ಗೋಡೆಗೆ ಕಿವಿ ಹಚ್ಚಲು ಹೋದಾಗ ಅವನು ನನ್ನ ತೋಳು ಹಿಡಿದು ಎಳೆದ.

“ಏ, ಆ ಕಡಿ ಜನಾನಾ ಅದ. ಹೆಣ್ಮಕ್ಕಳಿರೋ ಗ್ವಾಡಿಗೆ ಕಿವಿ ಹಚ್ಚತಾರೇನು? ಮಸಾಲಿ ಕುಟ್ಟತಿರ್ತಾರ. ನಡಿ.”

ಅವನು ಹೇಳಿದ್ದು ಮರ್ಯಾದೆಯ ಮಾತು. ಆಚೆ ಮನೆ ಜೈನಬ್ ಬಿ ಎಂಬ ಹೆಂಗಸಿನದು. ಗೋಷಾದಲ್ಲಿದ್ದವರು, ಪರಗಂಡಸರಿಗೆ ದನಿಯನ್ನೂ ಕೇಳಿಸುತ್ತಿರಲಿಲ್ಲ. ನಮ್ಮ ಊರಿನಲ್ಲಿ ಹಿಂದೂ ಆಗಲಿ ಮುಸಲ್ಮಾನ ಆಗಲಿ, ಮರ್ಯಾದಸ್ಥ ಗಂಡಸು ಅಂಥ ಗೋಡೆಯ ಕಡೆ ಕಿವಿ ಕೊಡುವುದಿಲ್ಲ. ನಾನೂ ಮರ್ಯಾದಸ್ಥನಾದೆ. ಕೊಕ್ಕೆ ಬಿಗಿದೆ, ಸಂದಿಗೆ ಸಿಮೆಂಟ್ ಹಾಲು ಹಾಕಿದೆ, ತಿಕ್ಕಿದೆ. ಗುಂಡಪ್ಪ ಕೈಯಾಡಿಸಿ ನೋಡಿ, “ಮಾಡ ಎಲ್ಲಿತ್ತೋ ಗೊತ್ತೇ ಆಗಂಗಿಲ್ಲ ನೋಡ್ರಿ” ಎಂದು ಸಂತೋಷಪಟ್ಟರು. ನನಗೂ ಹೆಮ್ಮೆಯಾಯಿತು. ಈಗ ನಾಚಿಕೆ ಬರುವುದು ಕೆಲಸಕ್ಕಿಂತ ಆ ಹೆಮ್ಮೆಗೆ.

ಸಾಹೇಬರು ಬಂದರು. ಆಮೇಲೆ ಕಮಲಾಬಾಯಿ ಕೂಸಿನೊಂದಿಗೆ ಭಾಲ್ಕಿಯಿಂದ ಬಂದರು. ನನ್ನನ್ನು ಕರೆಸಿದರು. ಸಾಹೇಬರು ಕಚೇರಿಗೆ ಹೋದ ಹೊತ್ತು, ನಡುಮನೆಯ ಬಾಗಿಲಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು.

“ಆ ಮಾಡದ ಮ್ಯಾಲ ಪಾಟಿ ಕೂಡಿಸ್ದವ್ರು ನೀವೇನ್ರಿ?”

“ಹೌದ್ರಿ ಬಾಯಿ.”

“ಅದು ಮಾಡ ಅಲ್ರಿ. ಖಿಡಕಿ.”

ನನಗೆ ತಿಳಿಯಲಿಲ್ಲ. ಅವರು ಹೇಳಿದರು. ಹಿಂದಿನ ಮರದ ಹಲಗೆ ನಿಜವಾಗಿ ಬಾಗಿಲು. ಅಗಳಿ ಆಚೆ ಕಡೆ, ಜೈನಬ್ ಬಿಯ ಒಳಮನೆಯಲ್ಲಿ. ಇಬ್ಬರ ಅತ್ತೆಯಂದಿರ ಕಾಲದಿಂದ ಇದ್ದದ್ದು. ಒಲೆಗೆ ಕೆಂಡ, ಮಜ್ಜಿಗೆ, ಮಾತು, ಎಲ್ಲ ಅದರಿಂದಲೇ. ಹೆಂಗಸರು ಮಾತ್ರ ಬಲ್ಲದ್ದು.

“ಯಜಮಾನ್ರು ಹೇಳಲಿಲ್ರಿ” ಎಂದೆ.

“ಅವ್ರಿಗೇನ್ ಗೊತ್ತದ? ಈ ಮನ್ಯಾಗ ಉಪ್ಪಿನ ಡಬ್ಬಿ ಎಲ್ಲದ ಕೇಳ್ರಿ, ಅದೂ ಗೊತ್ತಿಲ್ಲ.” ಒಂದು ಕ್ಷಣ ನಕ್ಕರು. ಆಮೇಲೆ ದನಿ ತಗ್ಗಿಸಿದರು. “ನಿಜಾಮನ ಮ್ಯಾಲ ಪೊಲೀಸ್ ಆಕ್ಷನ್ ಆದಾಗ ಆಕಿ ಗಂಡ ಮನ್ಯಾಗ ಇದ್ದಿಲ್ರಿ. ಓಣ್ಯಾಗ ಜನ ಕೂಗ್ಕೋತ ಬಂದ್ರು. ಆಕಿ ಮಗಳು ಫಾತಿಮಾ ಇನ್ನಾ ಮೊಲಿ ಕೂಸು. ಈ ಖಿಡಕಿಂದನೇ ನನ್ನ ಕೈಗೆ ಕೊಟ್ಲು. ಆಕಿ ಹಾಯಲಿಲ್ಲ, ಕೂಸು ಹಾಯ್ತು. ಗಲಾಟಿ ತಣ್ಣಗಾಗೋ ತನಕ ನನ್ನ ಮಗ್ಗಲದಾಗ ಮಲಗಿತ್ರಿ. ಆವತ್ತಿಂದ ನಮ್ಮದೊಂದು ಗುರ್ತು. ಎರಡು ಸಲ ಬಡದ್ರ ನಾ ಇದೀನಿ ಅಂತ.”

ಕೂಸು ಅತ್ತಿತು. ಅದನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು.

“ಖರೆ ಹೇಳ್ರಿ. ನೀವು ಮುಚ್ಚೋ ಮುಂದ ಆಕಿ ಆ ಕಡಿಂದ ಬಡಿಲಿಲ್ಲೇನ್ರಿ?”

“ಇಲ್ರಿ.”

ಯೋಚಿಸಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು, ಔರಾದದ ತೊಗರಿಗೆ ಬಾಬುರಾವ್ ಹೇಳಿದಂತೆ. ಬೇಕಂತಲೇ ಸುಳ್ಳಾಡಿದೆ ಎಂದು ಬರೆದರೆ ಅದೂ ಒಂದು ಚೊಕ್ಕ ಮಾತಾಗುತ್ತದೆ. ಆ ಕ್ಷಣ ನನ್ನ ತಲೆಯಲ್ಲಿ ಯಾವ ಸದ್ದೂ ಇರಲಿಲ್ಲ. ಬಾಯಿಯಲ್ಲಿ ‘ಇಲ್ರಿ’ ಇತ್ತು, ಅಷ್ಟೇ.

ಕಮಲಾಬಾಯಿ ಗೋಡೆಯನ್ನೇ ನೋಡುತ್ತ ನಿಂತರು. “ಬಡಿಲಿಲ್ಲಂದ್ರ… ಆಕಿಗೂ ಬ್ಯಾಡಾಗಿತ್ತೇನೋ. ಸಾಹೇಬ್ರು ಬರ್ತಾರ, ಪರಗಂಡಸ್ರು ಇರ್ತಾರ ಅಂತ ತಾನೇ ಸುಮ್ನಾಗಿರಬೇಕು.” ಆಮೇಲೆ, “ಅದೊಂದು ಪಾಟಿ ತೆಗೀಲಿಕ್ಕೆ ಬರ್ತದೇನ್ರಿ?”

ಬಾಬುರಾವರನ್ನು ಕೇಳಿದೆ. “ಸಾಹೇಬ್ರ ಕ್ವಾಣಿಯಿಂದ ಪಕ್ಕದ ಜನಾನಾಕ್ಕ ಖಿಡಕಿ ತಗೀತಿ? ಗುಂಡಪ್ಪನ ನೌಕರಿ ತಗೀತಿ ನೋಡು” ಎಂದರು. ನಿಜವೇ. ಮುಂದಿನ ವಾರ ಬಂದು ನೋಡುತ್ತೇನೆಂದು ಕಮಲಾಬಾಯಿಗೆ ಹೇಳಿದೆ. ಹೋಗಲಿಲ್ಲ.

ಕೆಲ ಕಾಲದ ಮೇಲೆ ಚಾಂದಪಾಶಾ ಬೀಡಿ ಸೇದುತ್ತ ಸುದ್ದಿ ಹೇಳಿದ. ಅವನ ತಾಯಿ ಜೈನಬ್ ಬಿಯ ಮನೆಗೆ ಹೋಗಿಬರುತ್ತಿದ್ದರು. “ಆ ಬಿ ಅಂತಾರಂತ, ‘ಕಮಲಾ ಈಗ ಅಫ್ಸರ್ ಮನಿಯಾಕಿ ಆದ್ಲು. ಒಂದು ಮಾತು ಹೇಳ್ದೆ ನನ್ನ ಮಾರಿ ಮ್ಯಾಲ ಗ್ವಾಡಿ ಹಾಕಿಸಿದ್ಲು’ ಅಂತ. ಔರತರ ಜಗಳ ದೋಸ್ತ್‌, ನಮಗ್ಯಾಕ.”

ಆಗ ಎರಡೂ ಕಡೆಯ ಮಾತು ಗೊತ್ತಿದ್ದವನು ನಾನೊಬ್ಬನೇ. ಈಚೆಯಾಕೆ ಅಂದುಕೊಂಡದ್ದು ಆಚೆಯಾಕೆಗೆ ಬೇಡವಾಗಿತ್ತೆಂದು. ಆಚೆಯಾಕೆ ಅಂದುಕೊಂಡದ್ದು ಈಚೆಯಾಕೆ ಮುಚ್ಚಿಸಿದಳೆಂದು. ಹೋಗಿ ಒಂದು ಮಾತು ಹೇಳಬಹುದಿತ್ತು. ಓಣಿಯಲ್ಲಿ ಸುತ್ತು ಹಾಕಿ ಹೋದರೆ ಎರಡೂ ಬಾಗಿಲು ಸಿಗುತ್ತಿದ್ದವು. ನಾನು ಆ ಓಣಿಯನ್ನೇ ಬಿಟ್ಟು ಬೇರೆ ದಾರಿ ಹಿಡಿದೆ. ಕೇಳಿದವರಿಗೆ ಹತ್ತಿರದ ದಾರಿ ಎನ್ನುತ್ತಿದ್ದೆ. ಹತ್ತಿರದ್ದಾಗಿರಲಿಲ್ಲ.

ಕೆಲಸದ ರೀತಿ ಬದಲಾಯಿತು. ಪಾಟಿಯ ಹಿಂದೆ ಮರದ ಪಟ್ಟಿ ಇಟ್ಟು ಗಾಳಿಯಾಡಲು ಸಂದು ಬಿಡುವುದು ಬಂತು, ಕೆಳಗೆ ಮೇಲೆ ತೂತು ಬಿಡುವುದು ಬಂತು. ಕುಸುಬೆ ಎಣ್ಣೆ ಹೋಗಿ ಯಂತ್ರದ ಎಣ್ಣೆ ಬಂತು. ಭಾಲ್ಕಿಗೆ ರೈಲಿನಲ್ಲಿ ಪಾಟಿ ಕಳಿಸುವಾಗ ಮಲಗಿಸಬಾರದು, ನಿಲ್ಲಿಸಬೇಕು ಎಂದು ಒಡೆದು ಒಡೆದು ಕಲಿತೆವು. ಅಲ್ಲಿನ ಒಂದು ಮನೆಯಲ್ಲಿ ಮಾಡಗಳನ್ನು ಮುಚ್ಚುವ ಮೊದಲು ನಾನು ಮನೆಯ ಹೆಂಗಸರನ್ನು ಕರೆಸಿ ಒಂದೊಂದನ್ನೂ ತೋರಿಸಿ ಕೇಳಿದೆ. “ಏನ್ ಮಿಸ್ತ್ರಿ, ಲಗ್ನಕ್ಕ ಒಪ್ಪಿಗಿ ತಗೋಳೋ ಹಂಗ ಕೇಳ್ತೀರಲ್ಲ” ಎಂದು ಅವರು ನಕ್ಕರು. ಆಮೇಲೆ ಎಲ್ಲ ಮನೆಯಲ್ಲೂ ಕೇಳುತ್ತ ಬಂದೆ. ನೀವೂ ಕೇಳಿ. ಗಂಡಸರನ್ನು ಕೇಳಿದರೆ ಸಾಲದು.

ರಾಜ್ಯದ ಹೆಸರು ಕರ್ನಾಟಕ ಆದ ಮೇಲೆ ಒಂದು ದಿನ ಗುಂಡಪ್ಪನವರ ಮನೆಯಿಂದ ಕರೆ ಬಂತು. ನಡುಮನೆಯ ಪಾಟಿಗಳು ಉಪ್ಪು ಹಿಡಿದು ಉಬ್ಬಿದ್ದವು. ಮೈಸೂರಿನ ಸಾಹೇಬರು ಎಂದೋ ವರ್ಗವಾಗಿ ಹೋಗಿದ್ದರು. ಗುಂಡಪ್ಪ ತೀರಿಕೊಂಡಿದ್ದರು. ಕಮಲಾಬಾಯಿಯ ಕೂದಲು ನರೆತಿತ್ತು. ಚಾಂದಪಾಶಾ ಕೆಲಸ ಬಿಟ್ಟಿದ್ದ, ನಾನೊಬ್ಬನೇ ಹೋದೆ. ಒಂದೊಂದೇ ಪಾಟಿ ಎಬ್ಬಿಸುತ್ತ ಬಂದು ಆ ಪಾಟಿಯ ಕೊಕ್ಕೆಗಳನ್ನು ಕೊನೆಗೆ ಬಿಚ್ಚಿದೆ. ಕೆಳಗಿಳಿಸಿ ಬೆನ್ನು ತಿರುಗಿಸಿದಾಗ ಕೈ ನಿಂತಿತು.

ಬೆನ್ನಿನ ನಡುವೆ, ಮಾಡದ ಅಳತೆಗೆ ಸರಿಯಾಗಿ, ಒಂದು ಬಿಳಿ ಚೌಕ. ಸುಣ್ಣ. ತುಸು ನೀಲಿ ಬೆರೆಸಿದ್ದು, ಪದರದ ಮೇಲೆ ಪದರ. ಮೂಲೆಯಲ್ಲಿ ಉದುರಿದ ಕಡೆ ಪುಸ್ತಕದ ಹಾಳೆಗಳಂತೆ ಕಾಣುತ್ತಿತ್ತು. ನಾನು ಹಸಿಯಲ್ಲಿ ಗೀರಿದ್ದ ‘ಮಾ’ ಅದರ ಕೆಳಗೆ ತುಂಬಿಹೋಗಿ ಬರೀ ತಗ್ಗಾಗಿ ಉಳಿದಿತ್ತು. ನಯವಾದ ಮುಖಕ್ಕೆ ಸುಣ್ಣ ಹಿಡಿಯುವುದಿಲ್ಲ. ಒರಟು ಬೆನ್ನು ಹಿಡಿದುಕೊಂಡಿತ್ತು.

ಮಾಡದ ಆಚೆಯ ಬಾಗಿಲು ತೆರೆದಿತ್ತು. ಒಬ್ಬ ಯುವತಿ ಬಗ್ಗಿ ನೋಡಿದಳು. “ಕೌನ್? ಯಾರ್ರಿ ಅದು?”

ಕಮಲಾಬಾಯಿ ನನ್ನನ್ನು ಸರಿಸಿ ಮುಂದೆ ಬಂದರು. “ಫಾತಿಮಾ?”

“ಕಮಲಾಮೌಶಿ! ಎಷ್ಟು ಮುದುಕಿ ಆಗೀರಿ!”

“ನೀ ಭಾಳ ಚೆಂದುಳ್ಳಿ. ಓಣ್ಯಾಗ ಬುರ್ಖಾದಾಗ ಹೋಗ್ತಿ, ಯಾರಂತ ಗೊತ್ತಾಗಬೇಕು?”

ಇಬ್ಬರೂ ನಕ್ಕರು. ಜೈನಬ್ ಬಿ ತೀರಿಕೊಂಡಿದ್ದರು; ಮಣ್ಣು ಮಾಡಿದ ದಿನ ಕಮಲಾಬಾಯಿ ಓಣಿಯ ಬಾಗಿಲ ತನಕ ಹೋಗಿ ನಿಂತು ಬಂದಿದ್ದರಂತೆ. ಈಗ ಅವರು ಆ ಬಿಳಿ ಚೌಕದ ಮೇಲೆ ಬೆರಳಿಟ್ಟು ಕೇಳಿದರು: “ಇದ್ಯಾರು ಬಳದದ್ದು?”

“ಅಮ್ಮಿ. ಈದ್ ಬಂದ್ರ ಗ್ವಾಡಿ ಜೋಡಿ ಇದನ್ನೂ ಬಳಿತಿದ್ರು. ಎಲ್ಲಾ ಬಿಳಿ ಇದ್ದು ಇದೊಂದು ಕರಿ ಇದ್ರ ಛಲೋ ಕಾಣಂಗಿಲ್ಲ ಅಂತ.”

“ಇಟ್ಟಂಗಿ ಇಟ್ಟು ಮುಚ್ಚಬೌದಿತ್ತಲ್ಲ.”

“ಮಾಮು ಭಾಳ ಸಲ ಹೇಳಿದ್ರು. ಅಮ್ಮಿ ಬ್ಯಾಡ ಅಂದ್ರು.”

“ಯಾಕ?”

“ಗೊತ್ತಿಲ್ರಿ ಮೌಶಿ. ಹೇಳಲಿಲ್ಲ.”

“ಆವತ್ತ ಇದನ್ನ ಮುಚ್ಚೋ ದಿನ ನಿಮ್ಮಮ್ಮಿ ಬಡದಿದ್ಲೇನ?”

“ನಾ ಸಾಲಿಗೆ ಹೋಗಿದ್ದೆ.”

ಆಗ ನಾನು ಬಾಯಿ ಬಿಟ್ಟೆ. ಯಾರೂ ನನ್ನನ್ನು ಕೇಳಿರಲಿಲ್ಲ.

“ಬಡದಿದ್ರು ಬಾಯಿ. ಎರಡು ಸಲ. ನಾ ಕೇಳಿದ್ದೆ.”

ಕಮಲಾಬಾಯಿ ತಿರುಗಿದರು. ಸಿಟ್ಟು ಬಂದಿದ್ದರೆ ನನಗೆ ಹಗುರಾಗುತ್ತಿತ್ತು. ಅವರಿಗೆ ಬಂದದ್ದು ಸಿಟ್ಟಲ್ಲ.

“ಆವತ್ತ ಇಲ್ಲ ಅಂದಿದ್ರಿ.”

“ಹೌದ್ರಿ.”

“ಇವತ್ತ ಹೌದು ಅಂತೀರಿ. ನಾ ಅಳೋದು ನೋಡಿ ಅಂತೀರೋ, ಖರೆನೇ ಅಂತೀರೋ?”

ಅವರು ಅಳುತ್ತಿದ್ದದ್ದು ನನಗೆ ಆಗಲೇ ಕಂಡದ್ದು. ಅಥವಾ ಮೊದಲೇ ಕಂಡು, ಅದಕ್ಕಾಗಿಯೇ ಹಾಗೆ ಹೇಳಿದೆನೋ. ಫಾತಿಮಾ ಆಚೆಯಿಂದ, “ಬಿಡ್ರಿ ಮೌಶಿ, ಚಹಾ ಮಾಡ್ತೀನಿ, ಇಲ್ಲಿಂದನೇ ಕೊಡ್ತೀನಿ” ಎಂದಳು. ನಾನು ಸಾಮಾನು ಕಟ್ಟಿಕೊಂಡು ಹೊರಟೆ. ನನಗೂ ಒಂದು ಕಪ್ಪು ಬಂದಿತ್ತು ಎಂದು ಅನಿಸುತ್ತದೆ. ಕುಡಿದ ನೆನಪಿಲ್ಲ.

ಇದನ್ನು ಬರೆಯುವ ಮೊದಲು ಚಾಂದಪಾಶಾನ ಮನೆಗೆ ಹೋಗಿ ಕೇಳಿದೆ. ಅವನಿಗೂ ಈಗ ಕಿವಿ ಮಂದ. “ಯಾವ ಸದ್ದು? ಸದ್ದು ನಿಂದೇ. ನೀ ಗ್ವಾಡಿ ಬಡಕೋತ ಹೊಂಟಿದ್ದಿ, ನಾ ಸುಮ್ನಿರು ಜನಾನಾ ಅದ ಅಂದೆ. ಮಸಾಲಿ ಗಿಸಾಲಿ ನಾ ಅಂದೇ ಇಲ್ಲ” ಎಂದ. ಬದಲಾಗದೆ ನಿಂತಿದೆ ಎಂದು ಮೇಲೆ ಬರೆದ ಮಾತೂ ಹೀಗೆ ಹೋಯಿತು. ಅಳಿಸಿಲ್ಲ, ಹಾಗೇ ಬಿಟ್ಟಿದ್ದೇನೆ.

ಕಮಲಾಬಾಯಿಗೆ ಎರಡು ಉತ್ತರ ಕೊಟ್ಟೆ. ಮೊದಲನೆಯದು ಅವರನ್ನು ಆ ಗೋಡೆಯಿಂದ ದೂರ ಮಾಡಿತು. ಎರಡನೆಯದು, ಜೈನಬ್ ಬಿ ಕರೆದಾಗ ತಾನಿರಲಿಲ್ಲ ಎಂಬ ದುಃಖವನ್ನು ಅವರ ಕೈಗೆ ಕೊಟ್ಟಿತು. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ನನಗೆ ಗೊತ್ತಿಲ್ಲ. ಆ ದಿನ ಆಚೆಯಿಂದ ಯಾರಾದರೂ ಬಡಿದರೋ ಇಲ್ಲವೋ, ಗೊತ್ತಿಲ್ಲ.